ಅಮ್ಮುವಿಗೆ ಇಡದ ಎಲೆ

ಸುಳ್ಯದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದೇ ಸಾಲಿನಲ್ಲಿ ಮೂರು ಜೆರಾಕ್ಸ್ ಅಂಗಡಿಗಳಿದ್ದರೂ ಜನ ಹುಡುಕಿಕೊಂಡು ಹೋಗುವುದು ನೀಲಾವತಿಯ ಅಂಗಡಿಗೆ. ಉಳಿದ ಎರಡು ಕಡೆ ಕೊಟ್ಟದ್ದನ್ನು ಕೊಟ್ಟ ಹಾಗೆ ಟೈಪ್ ಮಾಡುತ್ತಾರೆ. ನೀಲಾವತಿ ಓದಿ ಟೈಪ್ ಮಾಡುತ್ತಾಳೆ. ಒಮ್ಮೆ ಜಾಗದ ತಕರಾರಿನ ಕಾಗದ ಹಿಡಿದು ಬಂದ ಮುದುಕನಿಗೆ, "ಅಜ್ಜ, ಇದ್ರಲ್ಲಿ ನಿಮ್ಮ ಹೆಸರೇ ಇಲ್ಲ. ಸಹಿ ಹಾಕ್ಬೇಡಿ ಮಾರಾಯ್ರೆ" ಎಂದು ಎಬ್ಬಿಸಿ ಕಳಿಸಿದ್ದಳು. ನಲವತ್ತೊಂಬತ್ತು ವರ್ಷದ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ನೋಡುವ, ಯಾರ ಮುಲಾಜಿಗೂ ಬೀಳದ ಹೆಂಗಸು. ಮದುವೆಯಾಗಿಲ್ಲ. ಯಾಕೆಂದು ಕೇಳಿದವರಿಗೆ, ಸ್ಟೇಪ್ಲರ್ ಪಿನ್ನು ಮುಗಿದಿದೆ, ಆಚೆ ಅಂಗಡಿಯಿಂದ ಒಂದು ಪ್ಯಾಕೆಟ್ ತಂದುಕೊಡಿ ಎಂದು ಕೆಲಸ ಹಚ್ಚುತ್ತಾಳೆ.

ಇಂಥ ನೀಲಾವತಿ ಪ್ರತಿ ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಸತ್ತವರು ಕಾದು ನಿಲ್ಲುವ ಒಂದು ಸೀಮೆಯ ಕಥೆ ಹೇಳಿ ಇಪ್ಪತ್ತು ದಾಟಿದ ಮಕ್ಕಳ ಬೆವರಿಳಿಸುತ್ತಿದ್ದಳು ಎಂದರೆ ಊರಿನವರು ನಗುತ್ತಾರೆ. ನಗಲಿ. ಆದದ್ದು ಹೀಗೆ. ಆರು ವರ್ಷದ ಹಿಂದೆ, ಆಗಿನ್ನೂ ಇಂಜಿನಿಯರಿಂಗ್ ಓದುತ್ತಿದ್ದ ಜಾಸಿರ್ ಎಂಬ ಹುಡುಗ ವಿಚಿತ್ರವಾದ ಒಂದು ಫಾರಂ ಪ್ರಿಂಟ್ ಹಾಕಿಸಲು ಬಂದ. ಹೆಸರು, ಕುಲ, ಶಕ್ತಿ, ಧೈರ್ಯ, ಭಯ ಎಂದೆಲ್ಲ ಖಾನೆಗಳು. "ಇದು ಯಾವ ಇಲಾಖೆದ್ದು ಮಾರಾಯ?" ಎಂದು ನೀಲಾವತಿ ಕೇಳಿದಳು. ಇಲಾಖೆಯದ್ದಲ್ಲ, ಆಟದ್ದು ಎಂದ ಜಾಸಿರ್. ಒಬ್ಬರು ಕಥೆ ನಡೆಸುವುದು, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುವುದು, ಅದು ಆಗುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಉರುಳಿಸಿ ನೋಡುವುದು. ನೀಲಾವತಿಯ ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ವೇಷವಿಲ್ಲದೆ, ಬರೀ ಮಾತಿನಲ್ಲಿ ಯುದ್ಧ ನಡೆಸುವುದು ಅವಳಿಗೆ ಹೊಸತೇನಲ್ಲ. ಅವಳಿಗೆ ಹೊಸತಾಗಿ ಕಂಡದ್ದು ದಾಳ ಒಂದೇ.

ಹುಡುಗರಿಗೆ ಕೂರಲು ಜಾಗವಿರಲಿಲ್ಲ, ಹಿಂದಿನ ಕೋಣೆ ಕೊಟ್ಟಳು. ಕಥೆ ನಡೆಸುವವನು ಮೂರನೇ ವಾರಕ್ಕೇ ಕೈಕೊಟ್ಟ. "ನೀಲಕ್ಕ, ನೀವೇ ಹೇಳಿ" ಎಂದರು. ಅವಳು ಹೇಳಿದ ಮೇಲೆ ಬೇರೆ ಯಾರದ್ದೂ ಅವರಿಗೆ ರುಚಿಸಲಿಲ್ಲ.

ಅವಳು ಕಟ್ಟಿದ ಲೋಕದ ಹೆಸರು ಕಪ್ಪುಗುಡ್ಡೆ ಸೀಮೆ. ಅಲ್ಲಿ ಡ್ರ್ಯಾಗನ್ ಇಲ್ಲ, ಕೋಟೆ ಇಲ್ಲ, ರಾಜಕುಮಾರಿ ಮೊದಲೇ ಇಲ್ಲ. ಅಲ್ಲಿ ಸತ್ತವರೆಲ್ಲ ತಮ್ಮ ತಮ್ಮ ಮನೆಯ ಅಂಗಳದ ಹೊರಗೆ ನಿಂತಿರುತ್ತಾರೆ. ವರ್ಷಕ್ಕೊಮ್ಮೆ ಮನೆಯವರು ಹೆಸರು ಹೇಳಿ ಎಲೆ ಇಟ್ಟರೆ ಉಂಡು ತಣ್ಣಗಾಗುತ್ತಾರೆ. ಎಲೆ ಇಡದಿದ್ದರೆ ನಿಂತೇ ಇರುತ್ತಾರೆ, ನಿಂತು ನಿಂತು ಒಂದೊಂದಾಗಿ ಎಲ್ಲವನ್ನೂ ಮರೆಯುತ್ತಾರೆ. ಆಡುವವರ ಕೆಲಸ, ಇಂಥವರು ಯಾರೆಂದು ಹುಡುಕಿ, ಅವರನ್ನು ಮುಚ್ಚಿಟ್ಟ ಮನೆಯವರ ಬಾಯಿಂದ ಹೆಸರು ಹೊರಡಿಸುವುದು. ಕತ್ತಿಯಿಂದ ಆಗುವ ಕೆಲಸವಲ್ಲ. ಎಷ್ಟೋ ಭಾನುವಾರ ಆಟ ಮುಗಿದ ಮೇಲೆ ಮಕ್ಕಳು ಮಾತಿಲ್ಲದೆ ಚಪ್ಪಲಿ ಹಾಕಿಕೊಂಡು ಹೋದದ್ದುಂಟು.

ಆ ಸೀಮೆಯ ಹೊಳೆಬದಿಯ ಒಂದು ಮನೆಯ ಹೊರಗೆ ಒಬ್ಬಳು ಹುಡುಗಿ. ಇಪ್ಪತ್ತೊಂದು ವರ್ಷ, ಒದ್ದೆ ಕೂದಲು, ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಕಲೆ. ಹೆಸರು ಅಮ್ಮು. ಯಾರು ಏನು ಮಾಡಿದರೂ ಅವಳನ್ನು ಅಂಗಳ ದಾಟಿಸಿ ಎಲೆಯ ಮುಂದೆ ಕೂರಿಸಲು ಆಗುವುದಿಲ್ಲ. ಒಮ್ಮೆ ಜಾಸಿರ್‌ಗೆ ದಾಳದಲ್ಲಿ ಎಲ್ಲಕ್ಕಿಂತ ದೊಡ್ಡದಾದ ಇಪ್ಪತ್ತೇ ಬಿತ್ತು. ಕೋಣೆಯಲ್ಲಿ ಎಲ್ಲರೂ ಕುಣಿದರು. ನೀಲಾವತಿ ತಣ್ಣಗೆ, "ಇಲ್ಲ. ಅವಳಿಗೆ ಆಗುದಿಲ್ಲ" ಎಂದಳು. ಅದು ನ್ಯಾಯವಲ್ಲ ಎಂದು ಜಾಸಿರ್ ಒಂದು ತಿಂಗಳು ವಾದಿಸಿದ.

ಯಾಕೆ ಆಗುವುದಿಲ್ಲವೆಂದು ಗೊತ್ತಿದ್ದದ್ದು ಭವಿತಾಳಿಗೆ ಮಾತ್ರ. ಆಟಕ್ಕೆ ಬರುತ್ತಿದ್ದ ಕಡಬದ ಹುಡುಗಿ, ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದವಳು. ಜ್ವರ ಬಂದಾಗ ನೀಲಾವತಿಯ ಮಹಡಿಯ ಕೋಣೆಯಲ್ಲಿ ಹತ್ತು ದಿನ ಮಲಗಿ ಗಂಜಿ ಕುಡಿದವಳು. ಆ ಹತ್ತು ದಿನದಲ್ಲಿ ಒಂದು ಮಧ್ಯಾಹ್ನ ನೀಲಾವತಿ ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದಳು. ಅಮ್ಮು ಕಥೆಯವಳಲ್ಲ. ನನ್ನ ಅಕ್ಕ.

ಐವರ್ನಾಡಿನ ಗೌಡರ ಮನೆ ಅವರದ್ದು. ಅಣ್ಣ ತೀರ್ಥರಾಮ, ನಡುವೆ ಅಮ್ಮು, ಕೊನೆಗೆ ನೀಲಾವತಿ. ತೊಂಬತ್ತಮೂರನೇ ಇಸವಿಯಲ್ಲಿ, ನೀಲಾವತಿ ಪುತ್ತೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಟೈಪಿಂಗ್ ಕಲಿಯುತ್ತಿದ್ದಾಗ, ಅಮ್ಮು ಇಲ್ಲವಾದಳು. ಮನೆಗೆ ಬಂದ ಹದಿನೆಂಟರ ಹುಡುಗಿಯನ್ನು ಅಮ್ಮ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ಹೇಳಿದರು: "ಅವಳು ಹೊಳೆಗೆ ಹಾರಿದ್ಳು. ಹೆಣ ಸಿಗ್ಲಿಲ್ಲ. ಊರಿನವರಿಗೆ, ಬೊಂಬಾಯಿಗೆ ಹೋಗಿದ್ದಾಳೆ ಅಂತ ಹೇಳಿದ್ದೇವೆ. ನೀನೂ ಹಾಗೇ ಹೇಳು. ಪೊಲೀಸು ಗಿಲೀಸು ಅಂತ ಆದ್ರೆ ನಿನ್ನ ಮದುವೆ ಆಗುದಿಲ್ಲ. ಇನ್ನು ಅವಳ ಹೆಸರು ಎತ್ತಬೇಡ." ನೀಲಾವತಿ ಆಣೆ ಮಾಡಿದಳು. ಮದುವೆ ಹೇಗೂ ಆಗಲಿಲ್ಲ, ಆಣೆ ಮಾತ್ರ ಉಳಿಯಿತು.

ಆ ಮನೆಯಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆ ಬಡಿಸುವ ಕ್ರಮ. ಅಜ್ಜ, ಅಜ್ಜಿ, ದೊಡ್ಡಪ್ಪ, ಆಮೇಲೆ ಅಪ್ಪ, ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಬಾಳೆಲೆ. ರೊಟ್ಟಿ, ಕೋಳಿ ಸಾರು ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ಅಮ್ಮುವಿಗೆ ಎಲೆ ಇಡಲಿಲ್ಲ. ಎರಡನೇ ವರ್ಷ ನೀಲಾವತಿ ತಾನೇ ಒಂದು ಎಲೆ ಕೊಯ್ದು ತಂದು, "ಅಮ್ಮಕ್ಕನಿಗೂ ಒಂದು ಇಡಮ್ಮ" ಎಂದಳು. ಅಮ್ಮ ಆ ಎಲೆಯನ್ನು ಕಸಿದು ಹರಿದು, ಅವಳ ಕೆನ್ನೆಗೆ ಹೊಡೆದರು. ಅಮ್ಮ ಹೊಡೆದದ್ದು ಅದೊಂದೇ ಸಲ. ಹೊಳೆಗೆ ಹಾರಿದವಳೆಂದು ಇಷ್ಟೊಂದು ಅಸಹ್ಯವೇ, ಸತ್ತ ಮಗಳಿಗೆ ಒಂದು ಹಿಡಿ ಅನ್ನ ಹಾಕದಷ್ಟು ಎಂದು ನೀಲಾವತಿ ಅಮ್ಮನನ್ನು ಒಳಗೊಳಗೇ ಕ್ಷಮಿಸದೆ ಉಳಿದಳು. ಕಪ್ಪುಗುಡ್ಡೆ ಸೀಮೆ ಹುಟ್ಟಿದ್ದು ಅಲ್ಲಿಂದ.

ಭವಿತಾ ಕೇಳಿ ಅತ್ತಳು. ಯಾರಿಗೂ ಹೇಳುವುದಿಲ್ಲ ಎಂದು ನೀಲಾವತಿಯ ಕೈ ಹಿಡಿದು ಹೇಳಿದಳು.

ಓದು ಮುಗಿಸಿ ಕಡಬಕ್ಕೆ ಹೋದ ಭವಿತಾ ಯೂಟ್ಯೂಬಿನಲ್ಲಿ ಒಂದು ಚಾನೆಲ್ ಶುರು ಮಾಡಿದಳು. ಇಂಥ ಆಟಗಳನ್ನು ಕನ್ನಡದಲ್ಲಿ ಆಡುವವರಿಗಾಗಿ. ಈ ವರ್ಷ ಒಂದು ದಿನ ಫೋನ್ ಮಾಡಿ, "ನೀಲಕ್ಕ, ಆಡ್ಲಿಕ್ಕೆ ಒಳ್ಳೆ ಕರಾಳ ಲೋಕ ಯಾವುದುಂಟು ಅಂತ ಎಲ್ರೂ ಕೇಳ್ತಾರೆ. ಈಗ ಇರುದೆಲ್ಲ ಹೊರದೇಶದ್ದೇ. ನಾನು ಕಪ್ಪುಗುಡ್ಡೆಯನ್ನು ಹೇಳ್ಲಾ?" ಎಂದಳು. ನೀಲಾವತಿಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ತಾನೇ ಟೈಪ್ ಮಾಡಿ, ಸ್ಪೈರಲ್ ಹಾಕಿ ಇಟ್ಟಿದ್ದ ಎಪ್ಪತ್ತು ಪುಟದ ಪುಸ್ತಕದ ಫೈಲು ಕಳಿಸಿದಳು. ಕಳಿಸುವ ಮೊದಲು ಒಂದೇ ಮಾತು ಹೇಳಿದಳು: "ಕಥೆ ಹೇಳು. ನನ್ನ ಮನೆ ವಿಷಯ ಬೇಡ." "ನೀಲಕ್ಕಾ, ಅದು ಹೇಳ್ಬೇಕಾ ನನಗೆ?" ಎಂದಳು ಭವಿತಾ.

ವಿಡಿಯೋ ಬಂದ ಶನಿವಾರ ಜಾಸಿರ್ ಅಂಗಡಿಗೆ ಓಡಿಬಂದ. ಈಗ ಪುತ್ತೂರಿನಲ್ಲಿ ಸೈಟ್ ಇಂಜಿನಿಯರ್, ಆದರೂ ಭಾನುವಾರ ತಪ್ಪಿಸದವನು. "ಹನ್ನೊಂದು ಸಾವಿರ ಜನ ನೋಡಿದ್ದಾರೆ ನೀಲಕ್ಕ!" ಎಂದು ಮೊಬೈಲನ್ನು ಜೆರಾಕ್ಸ್ ಮೆಷಿನ್ನಿನ ಮೇಲೆ ಒರಗಿಸಿ ಇಟ್ಟ. ಭವಿತಾ ಚೆನ್ನಾಗಿ ಮಾತಾಡಿದ್ದಳು. ಈ ಲೋಕವನ್ನು ಯಾಕೆ ಆಡಬೇಕು, ಇಲ್ಲಿ ಭಯ ಹೇಗೆ ರಾಕ್ಷಸರಿಂದ ಬಾರದೆ ಮನೆಯವರಿಂದ ಬರುತ್ತದೆ, ಎಲ್ಲ ಅಚ್ಚುಕಟ್ಟು. ನೀಲಾವತಿ ಕನ್ನಡಕ ಸರಿಮಾಡಿಕೊಂಡು ಹೆಮ್ಮೆಯಿಂದ ನೋಡಿದಳು. ಹದಿನಾಲ್ಕನೇ ನಿಮಿಷಕ್ಕೆ ಭವಿತಾ ಸ್ವರ ತಗ್ಗಿಸಿ ಕ್ಯಾಮೆರಾದ ಹತ್ತಿರ ಬಂದಳು.

"ಇನ್ನೊಂದು ವಿಷಯ. ಇದು ಬರೀ ಕಲ್ಪನೆ ಅಲ್ಲ. ಅಮ್ಮು ನಿಜವಾಗಿ ಇದ್ದವಳು. ಇದನ್ನು ಬರೆದ ನೀಲಕ್ಕನ ಸ್ವಂತ ಅಕ್ಕ. ಐವರ್ನಾಡಿನವಳು. ತೊಂಬತ್ತಮೂರರಲ್ಲಿ ಹೊಳೆಗೆ ಹಾರಿದ್ಳು. ಇವತ್ತಿಗೂ ಆ ಮನೆಯಲ್ಲಿ ಅವಳಿಗೆ ಎಲೆ ಇಡುದಿಲ್ಲ."

ಜಾಸಿರ್ ಮೊಬೈಲನ್ನು ಕವುಚಿ ಹಾಕಿದ. ಅವನಿಗೂ ಇದು ಗೊತ್ತಿರಲಿಲ್ಲ. ಕೌಂಟರಿನಲ್ಲಿ ಯಾರೋ ಆಧಾರ್ ಕಾರ್ಡು ಹಿಡಿದು ಎರಡು ಕಾಪಿ ಕೇಳಿದರು. ನೀಲಾವತಿ ಎರಡು ಕಾಪಿ ತೆಗೆದುಕೊಟ್ಟಳು. ಆಮೇಲೆ ಭವಿತಾಳಿಗೆ ಫೋನ್ ಮಾಡಿದಳು.

"ನೀಲಕ್ಕ, ನೋಡಿದ್ರಾ? ಹೇಗುಂಟು?"

"ಎಂತಕ್ಕೆ ಹೇಳಿದೆ?"

ಭವಿತಾ ಹೇಳಿದಳು: "ಅದು ಇಲ್ಲದಿದ್ರೆ ಜನ ಅರ್ಧದಲ್ಲೇ ಬಿಟ್ಟು ಹೋಗ್ತಾರೆ ನೀಲಕ್ಕ. ನಿಮ್ಮ ಲೋಕ ಎಲ್ರಿಗೂ ಮುಟ್ಲಿ ಅಂತ ಹೇಳಿದ್ದು. ಅಮ್ಮುವಿಗೂ ಒಂದು ನ್ಯಾಯ ಸಿಕ್ಕಿದ ಹಾಗೆ ಆಗ್ತದೆ ಅಲ್ವಾ?"

"ನಿನ್ನ ಬಾಯಲ್ಲಿ ಅವಳ ಹೆಸರು ಬರಬಾರದು," ಎಂದಳು ನೀಲಾವತಿ. "ಗಂಜಿ ಕುಡಿಸಿದ್ದಕ್ಕೆ ಒಳ್ಳೆ ಕೆಲಸ ಮಾಡಿದೆ. ಇನ್ನು ಈ ಅಂಗಡಿ ಮೆಟ್ಲು ಹತ್ತಬೇಡ."

ಅವಳಿಗೆ ಉರಿದದ್ದು ವಿಡಿಯೋದಿಂದಲ್ಲ. ಆ ಮಧ್ಯಾಹ್ನ ಕೈ ಹಿಡಿದುಕೊಂಡು ಅತ್ತದ್ದು ನಿಜವೇ ಆಗಿತ್ತು, ಹಾಗಿದ್ದೂ ಹೇಳಿದಳಲ್ಲ ಎಂಬುದರಿಂದ. ವೈರಿ ಹೇಳಿದ್ದರೆ ಜಗಳ ಮಾಡಿ ಮುಗಿಸಬಹುದಿತ್ತು. ಭವಿತಾ ಒಂದು ಗಂಟೆಯೊಳಗೆ ವಿಡಿಯೋ ಅಳಿಸಿದಳು. ಅಷ್ಟರಲ್ಲಿ ಅದು ಎಲ್ಲೆಲ್ಲಿಗೆ ಮುಟ್ಟಬೇಕೋ ಅಲ್ಲಿಗೆಲ್ಲ ಮುಟ್ಟಿತ್ತು.

ಸೋಮವಾರ ಬೆಳಿಗ್ಗೆ ತೀರ್ಥರಾಮ ಬಂದ. ಅಂಗಡಿಯಲ್ಲಿದ್ದ ಇಬ್ಬರನ್ನು ಆಮೇಲೆ ಬರಲು ಹೇಳಿ, ನೀಲಾವತಿ ಶಟರು ಅರ್ಧ ಇಳಿಸಿದಳು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಆಣೆ ಮುರಿದದ್ದು ತಾನೇ ಅಲ್ಲವೇ? ಬೇರೆಯವರ ಬಾಯಿಗೆ ಬೀಗ ಹಾಕಲು ಆಗುವುದಿಲ್ಲ, ತನ್ನ ಬಾಯಿಗೆ ಹಾಕಬಹುದಿತ್ತು.

"ನಿನಗೆ ಬುದ್ಧಿ ಉಂಟಾ ನೀಲು?" ಎಂದ ಅಣ್ಣ. ಮನೆಯ ಅರೆಭಾಷೆಯಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿತು. "ಇಡೀ ಊರಿಗೆ ಸಾರಿದ್ದೀಯಲ್ಲ. ನಿನ್ನೆಯಿಂದ ನಿಖಿತಾ ಫೋನ್ ಮಾಡಿ ಮಾಡಿ ಅಳ್ತಾ ಇದ್ದಾಳೆ."

"ಯಾವ ನಿಖಿತಾ?"

ತೀರ್ಥರಾಮನ ಕಣ್ಣು ಲ್ಯಾಮಿನೇಷನ್ ಮೆಷಿನ್ನಿನ ಕಡೆ ಹೋಯಿತು, ಗೋಡೆಯ ಕ್ಯಾಲೆಂಡರಿನ ಕಡೆ ಹೋಯಿತು, ತಂಗಿಯ ಮುಖದ ಕಡೆ ಮಾತ್ರ ಬರಲಿಲ್ಲ.

"ಯಾವ ನಿಖಿತಾ ಅಣ್ಣ?"

"ಅಮ್ಮುವಿನ ಮಗಳು."

ನೀಲಾವತಿ ಸ್ಟೂಲಿನ ಮೇಲೆ ಕೂತಳು. ಅಣ್ಣ ನಿಂತುಕೊಂಡೇ ಹೇಳಿದ. ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಕಲಿಸಲು ನೆಲ್ಯಾಡಿಯಿಂದ ಬರುತ್ತಿದ್ದ ಮಲಯಾಳಿ ಹುಡುಗ, ಸಜಿ. ಅವನ ಜತೆ ಅಮ್ಮು ಹೊರಟು ಹೋದದ್ದು. ಮದುವೆಯಾಗಿ ನೆಲ್ಯಾಡಿಯಲ್ಲೇ ಮನೆ ಮಾಡಿದ್ದು. ಇಬ್ಬರು ಮಕ್ಕಳು. "ನೀನು ಅವಳ ಬಾಲ ಆಗಿದ್ದೆ. ಗೊತ್ತಾದ್ರೆ ಅವಳನ್ನು ಹುಡುಕಿಕೊಂಡು ಹೋಗ್ತಿ, ನಾಳೆ ನೀನೂ ಅದೇ ದಾರಿ ಹಿಡೀತಿ ಅಂತ ಅಮ್ಮನಿಗೆ ಹೆದರಿಕೆ. ಸತ್ತಳು ಅಂತ ಹೇಳಿದ್ರೆ ನೀನು ಸುಮ್ಮನಾಗ್ತಿ ಅಂತ."

"ಊರಿನವರಿಗೆ?"

"ಊರಿನವರಿಗೆ ಗೊತ್ತುಂಟು. ಬೊಂಬಾಯಿ ಅಂತ ನೀನು ಹೇಳುವಾಗ ಮರ್ಯಾದೆಗೆ ಹೇಳ್ತಿ ಅಂತ ಅವರೂ ತಲೆ ಆಡಿಸಿದ್ರು."

ಮೂವತ್ತೊಂದು ವರ್ಷ. ಐವರ್ನಾಡಿನ ಕೆಲಸದಾಳುಗಳಿಗೆ ಗೊತ್ತು, ಡೇರಿಯಲ್ಲಿ ಹಾಲು ಅಳೆಯುವವನಿಗೆ ಗೊತ್ತು, ಪುತ್ತೂರಿನ ಚಿಕ್ಕಮ್ಮನಿಗೆ ಗೊತ್ತು. ಪರರ ಕಾಗದ ಓದಿ ಮೋಸ ಹಿಡಿಯುವ ನೀಲಾವತಿಗೆ ಮಾತ್ರ ಗೊತ್ತಿಲ್ಲ. ಯಾರಲ್ಲೂ ಕೇಳದಂತೆ ಆಣೆ ಹಾಕಿಸಿದ್ದೇ ಅದಕ್ಕೆ. ಅವಳು ನಿಯತ್ತಿನಿಂದ ಬಾಯಿ ಮುಚ್ಚಿಕೊಂಡದ್ದೇ ಅವರ ಸುಳ್ಳಿಗೆ ಕಾವಲಾಯಿತು.

"ಮತ್ತೆ ಎಲೆ?" ಎಂದಳು. "ಎಲೆ ಯಾಕೆ ಇಡ್ಲಿಲ್ಲ?"

ತೀರ್ಥರಾಮ ಈಗ ಅವಳನ್ನು ನೋಡಿದ. ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಬದುಕಿದವಳಿಗೆ ಎಲೆ ಇಡ್ತಾರಾ ಮಾರಾಯ್ತಿ? ಅಮ್ಮನಿಗೆ ಎಷ್ಟು ಸಿಟ್ಟಿದ್ರೂ ಮಗಳಿಗೆ ಸಾವು ಬಯಸ್ಲಿಲ್ಲ. ಅದಕ್ಕೇ ಅಲ್ವಾ ನೀನು ಎಲೆ ತಂದಾಗ ಹೊಡೆದದ್ದು."

ಆ ಪೆಟ್ಟನ್ನು ಅಸಹ್ಯವೆಂದು ಓದಿಕೊಂಡು ಅವಳು ಒಂದು ಸೀಮೆಯನ್ನೇ ಕಟ್ಟಿದ್ದಳು. ಅಮ್ಮ ಸಾಯುವ ಹಿಂದಿನ ವಾರ ನೀರು ಕುಡಿಸಲು ಹೋದಾಗಲೂ ಅವಳ ಮನಸ್ಸಿನಲ್ಲಿ ಆ ಹರಿದ ಎಲೆ ಇತ್ತು. ಈಗ ಅಮ್ಮನ ಮೇಲೆ ಸಿಟ್ಟು ಮಾಡಬೇಕೋ, ಆ ಸಿಟ್ಟಿಗೆ ಕ್ಷಮೆ ಕೇಳಬೇಕೋ ತಿಳಿಯದೆ ಅವಳು ಅಣ್ಣನ ಮೇಲೆ ಹರಿಹಾಯ್ದಳು. "ಅಮ್ಮ ಹೋಗಿ ಮೂರು ವರ್ಷ ಆಯ್ತು. ನೀನು ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತ ಇತ್ತು," ಎಂದ ತೀರ್ಥರಾಮ. "ಹೇಗೆ ಹೇಳುದು?"

"ಬಾಯಲ್ಲಿ ಹೇಳುದು," ಎಂದಳು ನೀಲಾವತಿ. ಶಟರು ಪೂರ್ತಿ ಎತ್ತಿ, ಅಣ್ಣನನ್ನು ಹೊರಗೆ ಕಳಿಸಿದಳು. ವಿಳಾಸ ಮಾತ್ರ ಒಂದು ಎ-ಫೋರ್ ಹಾಳೆಯಲ್ಲಿ ಬರೆಸಿಕೊಂಡಳು.

ಮರುದಿನ ಪುತ್ತೂರಿಗೆ ಒಂದು ಬಸ್ಸು, ಅಲ್ಲಿಂದ ಉಪ್ಪಿನಂಗಡಿ, ಅಲ್ಲಿಂದ ನೆಲ್ಯಾಡಿ. ಎರಡೂವರೆ ಗಂಟೆಯ ದಾರಿ. ಬೆಂಗಳೂರಿಗೆ ಹೋಗುವಾಗೆಲ್ಲ ನಿದ್ದೆ ಮಾಡಿಕೊಂಡು ದಾಟಿದ ಊರು. ದಾರಿಯುದ್ದಕ್ಕೂ ಅವಳು ಏನೇನು ಹೇಳಬೇಕೆಂದು ಜೋಡಿಸಿಕೊಂಡಳು. ಭವಿತಾಳಿಗೆ ಒಂದು ಉಪಕಾರಸ್ಮರಣೆ ಸಲ್ಲಬೇಕು ಎಂದು ಯಾರಾದರೂ ಅಂದಾರು. ಅವಳ ವಿಶ್ವಾಸದ್ರೋಹ ಇಲ್ಲದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ಕನ್ನ ಹಾಕಿದ ಗೋಡೆಯಿಂದ ಬೆಳಕು ಬಂತೆಂದು ಕಳ್ಳನಿಗೆ ಸನ್ಮಾನ ಮಾಡುವ ಜಾತಿಯವಳಲ್ಲ ನೀಲಾವತಿ.

ಹೆದ್ದಾರಿಯಿಂದ ಸ್ವಲ್ಪ ಒಳಗೆ ಮನೆ. ಅಂಗಳದಲ್ಲಿ ತಂತಿಯ ಮೇಲೆ ರಬ್ಬರ್ ಶೀಟುಗಳು ಒಣಗುತ್ತಿದ್ದವು. ಜಗಲಿಯಲ್ಲಿ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದ ದಪ್ಪನೆಯ ಹೆಂಗಸು ತಲೆಯೆತ್ತಿದಳು. ನರೆತ ಕೂದಲು, ನೈಟಿ, ಹೆಗಲ ಮೇಲೊಂದು ಟವೆಲು. ಎಡ ಹುಬ್ಬಿನ ಮೇಲೆ ಹುಡುಕಿದರೆ ಸಿಗುವಷ್ಟು ಸಣ್ಣ ಕಲೆ.

"ಬಂದ್ಯಾ?" ಎಂದಳು ಅಮ್ಮು. ಏಳಲಿಲ್ಲ. "ನಿಖಿತಾ ನಿನ್ನ ವಿಡಿಯೋ ತೋರಿಸಿದ್ಳು. ನನ್ನನ್ನು ಕೊಂದು ಆಟ ಮಾಡಿದ್ದಿಯಂತೆ."

"ನನಗೆ ಗೊತ್ತಿರ್ಲಿಲ್ಲ ಅಮ್ಮಕ್ಕ." ಜೋಡಿಸಿಕೊಂಡ ಮಾತೆಲ್ಲ ಬಿದ್ದುಹೋಗಿ ಇದೊಂದೇ ಉಳಿದಿತ್ತು. "ನೀನು ಸತ್ತಿದ್ದಿ ಅಂತ ಹೇಳಿದ್ರು. ನಿನ್ನೆ ಗೊತ್ತಾದ್ದು."

ಅಮ್ಮು ಸೊಪ್ಪು ಕೆಳಗಿಟ್ಟಳು. "ಸುಳ್ಳು ಹೇಳ್ಬೇಡ. ನನ್ನ ಮದುವೆ ಆದಾಗ ಕಾಗದ ಬರೆದೆ. ನಿಖಿತಾ ಹುಟ್ಟಿದಾಗ ಹೇಳಿ ಕಳಿಸಿದೆ. ಅವಳ ಮದುವೆ ಕಾಗದ ಅಣ್ಣನ ಕೈಲೇ ಕೊಟ್ಟೆ, ನಿನ್ನ ಹೆಸರು ಬರೆದು. ನೀಲುವಿಗೆ ನಿನ್ನ ಮುಖ ನೋಡ್ಲಿಕ್ಕೆ ಮನಸ್ಸಿಲ್ಲ ಅಂತ ಅಣ್ಣ ಪ್ರತಿ ಸಲ ಹೇಳಿದ."

"ಒಂದೂ ನನಗೆ ಸಿಗ್ಲಿಲ್ಲ. ಒಂದೂ. ನಾನು ಹಾಗೆ ಹೇಳ್ಲೂ ಇಲ್ಲ."

ಅಮ್ಮು ತುಂಬ ಹೊತ್ತು ತಂಗಿಯ ಮುಖ ನೋಡಿದಳು. ನಂಬಬೇಕೆಂಬ ಆಸೆ ಅವಳ ಕಣ್ಣಿನಲ್ಲಿ ಬಂದದ್ದು ನೀಲಾವತಿಗೆ ಕಂಡಿತು. ಅಮ್ಮು ಸರಿದು ಕೂತು ಜಗಲಿಯಲ್ಲಿ ಜಾಗ ಮಾಡಿದಳು. ನೀಲಾವತಿ ಪಕ್ಕದಲ್ಲಿ ಕೂತಳು. ಇನ್ನು ಅಳಬಹುದು ಅನಿಸಿತು.

"ಅಣ್ಣನ ಮಾತು ನಾನೂ ಪೂರ್ತಿ ನಂಬಿರ್ಲಿಲ್ಲ," ಎಂದಳು ಅಮ್ಮು. "ಅದಕ್ಕೇ ಅಮ್ಮ ತೀರಿದಾಗ ನಾನೇ ನೋಡುವ ಅಂತ ಬಂದೆ. ಕೊರೋನಾ ಸಮಯ, ಎಲ್ರ ಮುಖಕ್ಕೂ ಮಾಸ್ಕು. ಅತ್ತಿಗೆ ತನ್ನ ಕಡೆಯವರು ಅಂತ ಹೇಳಿ ಹಿಂದಿನ ಚಾವಡಿಯಲ್ಲಿ ಕೂರಿಸಿದ್ರು. ನೀನು ಎಲ್ರಿಗೂ ಚಾ ಕೊಡ್ತಾ ಬಂದೆ. ನಾನು ಮಾಸ್ಕು ಪೂರ್ತಿ ಕೆಳಗೆ ಮಾಡಿದೆ. ನೀನು ನನ್ನ ಮುಖ ನೋಡಿದೆ ನೀಲು. ಇಷ್ಟು ಹತ್ತಿರ. 'ಸಕ್ಕರೆ ಸಾಕಾ ಅಕ್ಕ?' ಅಂತ ಕೇಳಿದೆ. ಆಮೇಲೆ ಆಚೆಯವರಿಗೆ ಕೊಡ್ಲಿಕ್ಕೆ ಹೋದೆ. ಅಣ್ಣ ಹೇಳಿದ್ದು ನಿಜ ಅಂತ ಅವತ್ತು ನಂಬಿದೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮಾಡಿದೆ ಅಲ್ವಾ ನೀನು?"

ನೀಲಾವತಿಗೆ ಆ ದಿನ ನೆನಪಿತ್ತು. ಸ್ಟೀಲಿನ ಟ್ರೇ ನೆನಪಿತ್ತು, ಪೇಪರ್ ಕಪ್ಪು ಸಾಲದೆ ಹೋದದ್ದು ನೆನಪಿತ್ತು. ಚಾವಡಿಯಲ್ಲಿ ಯಾರು ಯಾರು ಕೂತಿದ್ದರೆಂದು ಎಷ್ಟು ಹುಡುಕಿದರೂ ಬರಲಿಲ್ಲ. ಮೂವತ್ತೊಂದು ವರ್ಷ ಪ್ರತಿದಿನ ನೆನೆದ ಮುಖ. ಆರು ವರ್ಷ ಪ್ರತಿ ಭಾನುವಾರ ಮಕ್ಕಳಿಗೆ ಬಣ್ಣಿಸಿದ ಮುಖ. ಆದರೆ ಅವಳು ಕಾಪಿಟ್ಟುಕೊಂಡದ್ದು ಇಪ್ಪತ್ತೊಂದರ ಹುಡುಗಿಯನ್ನು. ವಯಸ್ಸಾದ ಅಕ್ಕನಿಗೆ ಅವಳ ಲೋಕದಲ್ಲಿ ಜಾಗವೇ ಇರಲಿಲ್ಲ.

ಹೌದು, ಸಿಟ್ಟಿತ್ತು, ಬೇಕೆಂದೇ ಮಾಡಿದೆ ಎಂದು ಹೇಳಬಹುದಿತ್ತು. ಅದಾದರೂ ಅಕ್ಕ ತಂಗಿಯರ ನಡುವೆ ನಡೆಯುವಂಥದ್ದು. ಆದರೆ ಐವರ್ನಾಡಿನ ಮನೆಯವರು ಇಷ್ಟು ವರ್ಷ ಹೇಳಿದ ಸುಳ್ಳೇ ಸಾಕು ಅನಿಸಿತು.

"ನಿಜವಾಗಿ ಗುರ್ತ ಸಿಗ್ಲಿಲ್ಲ ಅಮ್ಮಕ್ಕ," ಎಂದಳು.

ಅಮ್ಮು ತಲೆ ತಗ್ಗಿಸಿ ಬಿಡಿಸಿದ ಸೊಪ್ಪನ್ನೆಲ್ಲ ಒಟ್ಟು ಮಾಡಿದಳು. ಅವಳು ಮಾತಾಡಿದಾಗ ಸ್ವರದಲ್ಲಿ ಸಿಟ್ಟಿರಲಿಲ್ಲ.

"ಇಷ್ಟು ವರ್ಷ, ನಿನಗೆ ನನ್ನ ಮೇಲೆ ಕೋಪ ಉಂಟು, ಮುಖ ಮರೀಲಿಲ್ಲ ಅಂತಾದ್ರೂ ಇತ್ತು ನನಗೆ," ಎಂದಳು. ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.